ಉಬ್ಬಿನ ಕಾಗದ

ಅರ್ಥಿಂಗ್ ಗುಂಡಿಗೆ ಎರಡನೆಯ ಬಿಂದಿಗೆ ನೀರು ಸುರಿಯುತ್ತಿದ್ದೆ. ಮೊದಲನೆಯದನ್ನು ಮಣ್ಣು ಆಗಲೇ ಕುಡಿದು ಮುಗಿಸಿತ್ತು. ಬೇಸಗೆಯಲ್ಲಿ ಆ ಗುಂಡಿಗೆ ಬಾಣಂತಿಯಷ್ಟೇ ಉಪಚಾರ ಬೇಕು ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಹಿತ್ತಲ ಗೋಡೆಯ ಬುಡದಲ್ಲಿ ಅವರೇ ಅಗೆದು, ಇದ್ದಿಲು ಉಪ್ಪು ತುಂಬಿ, ನಡುವೆ ತಾಮ್ರದ ಕೊಳವೆ ನಿಲ್ಲಿಸಿದ್ದರು. ನೀರು ಬೀಳದಿದ್ದರೆ ಮಣ್ಣು ಒಣಗುತ್ತದೆ. ಮಣ್ಣು ಒಣಗಿದರೆ ಮನೆಯೊಳಗೆ ಹೆಚ್ಚಾದ ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿ ಇರುವುದಿಲ್ಲ. ದಾರಿ ಸಿಗದ ಕರೆಂಟು ನಡುಮನೆಯ ಕಂಪ್ಯೂಟರಿನ ಮೇಲೆ ಬೀಳುತ್ತದೆ. ಇಷ್ಟನ್ನು ನನಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ.

"ಅಕ್ಕಾ, ನೀರು ನಮ್ಮನೆ ಕಡೆಗೆ ಹರೀತಿದೆ" ಎಂದಳು ಸರ್ವಮಂಗಳ ಗೋಡೆಯ ಆಚೆಯಿಂದ. ಪಕ್ಕದ ಮನೆಯವಳು. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಮಾಡಿಕೊಡುತ್ತಿದ್ದಳು. ಗಂಡ ದೂರದ ಊರುಗಳಿಗೆ ಲಾರಿ ಓಡಿಸುತ್ತಾನೆ.

"ಹರೀಲಿ ಬಿಡು. ನಿಮ್ಮ ಕರಿಬೇವಿಗೂ ಆಗತ್ತೆ."

"ಹುಳಿ ತಂದಿದೀನಿ, ಬದನೇಕಾಯಿದು. ಮುಳ್ಳು ಎಲ್ಲಿದೆ ಅಕ್ಕ?"

ಮುಳ್ಳು ಎಂದರೆ ಸ್ಟೆಬಿಲೈಸರಿನ ಮುಖದ ಮೇಲಿರುವ, ಕರೆಂಟಿನ ಮಟ್ಟ ತೋರಿಸುವ ಸಣ್ಣ ಮೀಟರಿನ ಮುಳ್ಳು. ದಿನಾ ಬೆಳಿಗ್ಗೆ ಅವಳು ಕೇಳುತ್ತಿದ್ದಳು, ಮಗುವಿನ ಜ್ವರ ಎಷ್ಟಿದೆ ಎಂದು ಕೇಳುವ ಹಾಗೆ.

"ಅಲ್ಲೇ ಇದೆ ಕಣೆ."

"ಸರಿ" ಎಂದಳು. ಗೋಡೆಯ ಮೇಲೆ ಬಟ್ಟಲಿಟ್ಟು ಹೋದಳು. ಅದಕ್ಕಿಂತ ಹೆಚ್ಚು ಅವಳು ಕೇಳುವ ಹಾಗಿರಲಿಲ್ಲ. ಬೀದಿಯ ಯಾರೂ ಕೇಳುವ ಹಾಗಿರಲಿಲ್ಲ.

ನಮ್ಮ ಊರಿನಲ್ಲಿ ಯಾರದೇ ಜೀವ ಹೋದರೂ ಆ ಬೀದಿಯ ಕರೆಂಟು ಒಮ್ಮೆ ಉಬ್ಬುತ್ತದೆ. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಬಲ್ಬುಗಳೆಲ್ಲ ಬೆಳ್ಳಗಾಗುತ್ತವೆ, ಪ್ಲಗ್ಗಿನಲ್ಲಿ ಸಿಕ್ಕಿಸಿದ್ದ ಯಂತ್ರಗಳು ಸುಟ್ಟುಹೋಗುತ್ತವೆ. ಆಮೇಲೆ ತಗ್ಗು. ತಗ್ಗು ಎಂದರೆ ಬಲ್ಬು ಬಾಳೆಹಣ್ಣಿನ ಬಣ್ಣಕ್ಕೆ ಇಳಿಯುತ್ತದೆ, ಫ್ಯಾನು ಯೋಚಿಸಿ ಯೋಚಿಸಿ ತಿರುಗುತ್ತದೆ. ಬೇರೆ ಊರಿನಿಂದ ಸೊಸೆಯಾಗಿ ಬಂದ ಹುಡುಗಿಯರು ಮೊದಲ ವರ್ಷ ಯಾಕೆ ಹೀಗೆ ಎಂದು ಕೇಳುತ್ತಾರೆ. ಎದುರು ಮನೆಯ ರುದ್ರಾಣಮ್ಮ ತನ್ನ ಸೊಸೆಗೆ, "ಯಾಕೆ, ನಿಮ್ಮೂರಲ್ಲಿ ಹೋಗೋರು ಹೇಳ್ದೆ ಕೇಳ್ದೆ ಹೋಗ್ಬಿಡ್ತಾರಾ?" ಎಂದಿದ್ದಳು. ಆ ಹುಡುಗಿ ಮತ್ತೆ ಕೇಳಲಿಲ್ಲ.

ಆದ್ದರಿಂದ ಯಾರಿಗಾದರೂ ಕಾಯಿಲೆ ಬಲಿತರೆ ಮನೆಯವರು ಪ್ಲಗ್ ಕೀಳುತ್ತಾರೆ. ಬಲ್ಬನ್ನು ಮಾತ್ರ ಬಿಡುವುದು ವಾಡಿಕೆ, ಹೋಗುವವರಿಗೆ ಬೆಳಕು ಬೇಕಲ್ಲ. ಫ್ರಿಜ್ಜು, ಮಿಕ್ಸಿ, ಟೀವಿ, ಕಂಪ್ಯೂಟರು ಎಲ್ಲದರ ಪ್ಲಗ್ಗೂ ಹೊರಗೆ. ಮನೆಯ ಹೆಂಗಸೊಬ್ಬಳು ಬೀದಿಯ ಬಾಗಿಲುಗಳಿಗೆ ಹೋಗಿ "ನಾವು ಕಿತ್ತಿದೀವಿ" ಎಂದಷ್ಟೇ ಹೇಳಿ ಬರುತ್ತಾಳೆ. ಆಮೇಲೆ ಎಲ್ಲರೂ ಕೀಳುತ್ತಾರೆ. ಡಾಕ್ಟರು ಏನು ಹೇಳಿದರು ಎಂದು ನಮ್ಮಲ್ಲಿ ಯಾರೂ ವಿಚಾರಿಸುವುದಿಲ್ಲ, ಕಿತ್ತರಾ ಎಂದು ವಿಚಾರಿಸುತ್ತಾರೆ. ಮಲಗಿದವರಿಗೂ ಇದು ಗೊತ್ತು. ಅವರು ಮಲಗಿದಲ್ಲಿಂದಲೇ ಅಡುಗೆಮನೆಯ ಫ್ರಿಜ್ಜಿನ ಸದ್ದಿಗೆ ಕಿವಿ ಕೊಟ್ಟಿರುತ್ತಾರೆ. ಅದು ಗುಂಯ್‌ಗುಡುವವರೆಗೆ ಮನೆಯವರಿಗೆ ತಮ್ಮ ಮೇಲೆ ಆಸೆ ಇದೆ. ಒಂದು ದಿನ ಅದು ನಿಂತರೆ ಗೋಡೆಯ ಕಡೆ ಮಗ್ಗುಲಾಗುತ್ತಾರೆ.

ತಗ್ಗು ಹೋಗಬೇಕಾದರೆ ಕಾಗದ ಬರೆಯಬೇಕು. ಬೀದಿಯ ಕೊನೆಯಲ್ಲಿ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ತಗಡಿನ ಪೆಟ್ಟಿಗೆಯೊಂದನ್ನು ಬಿಗಿದಿದ್ದಾರೆ. ಹೋದವರ ಮನೆಯವರು ಆ ಪೆಟ್ಟಿಗೆಗೆ ಕಾಗದ ಹಾಕಬೇಕು. ಇಂಥವರು ಹೋದರು, ಉಬ್ಬು ನಮ್ಮ ಮನೆಯದು, ಅವರಿಗೆ ಇನ್ನು ಬೆಳಕು ಬೇಕಿಲ್ಲ. ಈ ಮೂರು ಮಾತು ಇರಬೇಕು. ಅಲ್ಲಿಯವರೆಗೆ ಹೋದವರು ತಮ್ಮ ಪಾಲನ್ನು ಎಳೆಯುತ್ತಲೇ ಇರುತ್ತಾರೆ ಎಂದು ನಮ್ಮ ಜನರ ಮಾತು. ಎಷ್ಟು ಎಳೆಯುತ್ತಾರೋ ಅಷ್ಟು ಬೀದಿಗೆ ಕಡಿಮೆ. ಸಾಮಾನ್ಯವಾಗಿ ತಿಥಿ ಮುಗಿದ ಮಾರನೆಯ ದಿನ ಕಾಗದ ಹೋಗುತ್ತದೆ. ಕಾಗದ ಹಾಕಿ ಎಂದು ಮಾತ್ರ ಯಾರೂ ಹೇಳಬಾರದು. ಅದು ಮನೆಯವರ ಕೈಗೆ ತಾನಾಗಿ ಬರಬೇಕು.

ನಮ್ಮವರು ಹೋದದ್ದು ಅವರೆಕಾಯಿ ಕಾಲದಲ್ಲಿ. ಈಗ ಬೀದಿಯಲ್ಲಿ ಮಾವಿನಹಣ್ಣಿನ ಗಾಡಿ ಬರುತ್ತಿತ್ತು. ಪೆಟ್ಟಿಗೆ ಖಾಲಿಯೇ ಇತ್ತು.

ಊರಿನವರಿಗೆ ಇದರಲ್ಲಿ ಸೋಜಿಗವೂ ಇತ್ತು. ಯಾಕೆಂದರೆ ನಮ್ಮ ಬೀದಿಯ, ಅಕ್ಕಪಕ್ಕದ ಬೀದಿಗಳ ಉಬ್ಬಿನ ಕಾಗದಗಳನ್ನೆಲ್ಲ ಟೈಪು ಮಾಡಿಕೊಡುತ್ತಿದ್ದವಳು ನಾನೇ.

ನಾನು ಅಕ್ಷರ ಕಲಿತದ್ದು ತಲೆ ನರೆತ ಮೇಲೆ, ರಾತ್ರಿ ಶಾಲೆಯಲ್ಲಿ. ನಮ್ಮವರು, ಕಾಳಾಚಾರ್ರು, ಮನೆಯ ಮುಂದಿನ ಕೋಣೆಯಲ್ಲಿ ಮೋಟಾರು ವೈಂಡಿಂಗ್ ಮಾಡುತ್ತಿದ್ದರು, ಸ್ಟೆಬಿಲೈಸರ್ ಕಟ್ಟುತ್ತಿದ್ದರು. ಊಟ ಮುಗಿಸಿ ನಾನು ಶಾಲೆಗೆ ಹೊರಟರೆ ಅವರು ಪಾತ್ರೆ ತೊಳೆಯುತ್ತಿದ್ದರು. ನನಗೆ ಓದು ಬಂತು, ಕಾಗುಣಿತ ಬಂತು, ಅಕ್ಷರ ಮಾತ್ರ ಸಾಲಿನಲ್ಲಿ ನಿಲ್ಲಲಿಲ್ಲ. ನನ್ನ ಪಾಟಿ ನೋಡಿ ಅವರು, "ಇದೇನೇ ಹೊಂಬಾಳೀ, ಸಂತೆ ಬಿಟ್ಟ ಹೊತ್ತಿನ ಜನದ ಹಾಗಿದೆ" ಎನ್ನುತ್ತಿದ್ದರು. ಒಂದು ದಿನ ಯಾವುದೋ ಆಫೀಸಿನವರು ಮಾರಿದ ಹಳೆಯ ಕಂಪ್ಯೂಟರನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ತಳ್ಳುತ್ತ ಬಂದರು. "ತಗೋ. ಇದರಲ್ಲಿ ಎಲ್ಲರ ಅಕ್ಷರವೂ ನೆಟ್ಟಗೆ ಬರತ್ತೆ."

ನಾನು ಅದರಲ್ಲಿ ಬರೆಯಲು ಕಲಿಯುವುದಕ್ಕಿಂತ ಮೊದಲು ಅವರು ಅದನ್ನು ಕಾಯಲು ಕಲಿತರು. ಗುಂಡಿ ತೋಡಿದ್ದು ಆಗಲೇ. ಕಂಪ್ಯೂಟರಿಗೆಂದೇ ಬೇರೆ ಸ್ಟೆಬಿಲೈಸರ್ ಕಟ್ಟಿದರು, ತಾಮ್ರದ ತಂತಿಯನ್ನು ಬೆರಳಿನಿಂದ ಸವರಿ ಸವರಿ ಸುತ್ತಿದರು. ಅದರ ಮುಂದೆ ಉಬ್ಬಿನ ಏಟು ತಡೆಯುವ ಸ್ಪೈಕ್ ಗಾರ್ಡಿನ ಪಟ್ಟಿ, ಅದರ ಮುಂದೆ ಯುಪಿಎಸ್ಸಿನ ಡಬ್ಬಿ. ಕರೆಂಟು ಹೋದರೆ ಡಬ್ಬಿಯೊಳಗಿನ ಬ್ಯಾಟರಿ ಸ್ವಲ್ಪ ಹೊತ್ತು ಮಿಷನ್ನನ್ನು ಎತ್ತಿ ಹಿಡಿಯುತ್ತದೆ. ಬರೆದದ್ದನ್ನು ಉಳಿಸಿಕೋ ಎಂದು ಕೀಂಯ್ ಕೀಂಯ್ ಎಂದು ಕೂಗುತ್ತದೆ. ಗುಡುಗು ಮೊಳಗಿದರೆ ನಮ್ಮವರು ಕೆಲಸ ಬಿಟ್ಟು ಓಡಿ ಬಂದು ಪ್ಲಗ್ ಕೀಳುತ್ತಿದ್ದರು. ಒಮ್ಮೆ ಎದುರು ಮನೆಯಲ್ಲಿ ಹಲಸಿನಹಣ್ಣಿನ ಮೂಟೆಯನ್ನು ಜಗಲಿಗೆ ಎತ್ತಿ ಹಾಕಿದ ಸದ್ದಿಗೂ ಓಡಿ ಬಂದಿದ್ದರು. ರುದ್ರಾಣಮ್ಮ ಅದನ್ನು ವರ್ಷಗಟ್ಟಲೆ ಆಡಿಕೊಂಡಳು.

"ಆಚಾರ್ರೇ, ನಿಮ್ಮ ಹೆಂಡ್ತಿ ಮೇಲೆ ಮಳೆ ಬಿದ್ರೆ ಹಿಂಗೆ ಓಡಿ ಬರ್ತಿದ್ರಾ?"

"ಅವಳಿಗೆ ಅರ್ಥಿಂಗ್ ಚೆನ್ನಾಗಿದೆ ಅಮ್ಮಾ. ಏನೇ ಬಿದ್ರೂ ನೆಲಕ್ಕೆ ಇಳಿಸ್ಕೋತಾಳೆ."

ಅವರಿಗೆ ಎದೆಯಲ್ಲಿ ನೀರು ತುಂಬತೊಡಗಿದಾಗ ಮಂಚವನ್ನು ನಡುಮನೆಗೆ ತಂದೆವು, ಕಂಪ್ಯೂಟರಿನ ಮೇಜಿನ ಪಕ್ಕಕ್ಕೆ. ನಾನು ಹಗಲೆಲ್ಲ ಅದನ್ನು ಚಾಲೂ ಇಟ್ಟಿರುತ್ತಿದ್ದೆ. ಬರೆಯಲು ಏನೂ ಇಲ್ಲದಿದ್ದರೂ ಕೀಲಿಗಳನ್ನು ಒತ್ತುತ್ತ ಕೂರುತ್ತಿದ್ದೆ. ಫ್ರಿಜ್ಜಿನಲ್ಲಿ ಒಂದು ಲೋಟ ನೀರು ಬಿಟ್ಟರೆ ಏನೂ ಇರಲಿಲ್ಲ, ಅದೂ ಗುಂಯ್‌ಗುಡುತ್ತಿತ್ತು. ಅವರಿಗೆ ಆ ಸದ್ದು ಕೇಳುತ್ತಿರಲಿ ಎಂದು.

"ಹೊಂಬಾಳೀ, ಪ್ಲಗ್ ತೆಗಿ" ಎಂದರು ಒಂದು ಮಧ್ಯಾಹ್ನ.

"ಯಾಕೆ? ಟೈಪ್ ಮಾಡೋದಿದೆ."

"ಯಾರಿಗೆ?"

"ಯಾರಿಗೋ ಒಬ್ಬರಿಗೆ."

"ನೋಡು, ನಂದು ಸಣ್ಣ ಉಬ್ಬಲ್ಲ. ಜೀವಮಾನವೆಲ್ಲ ಕರೆಂಟಿನ ಜೊತೆ ಇದ್ದೋನು ನಾನು. ಆ ಸ್ಟೆಬಿಲೈಸರ್ ತಡಕೊಳ್ಳಲ್ಲ, ನಾನೇ ಕಟ್ಟಿದ್ದು, ನನಗೆ ಗೊತ್ತು."

"ನೀವು ಮಾತಾಡ್ಬೇಡಿ. ಕೆಮ್ಮು ಬರತ್ತೆ."

"ತೆಗಿ ಅಂದ್ರೆ."

"ತೆಗೆಯಲ್ಲ" ಎಂದೆ. ಅವರು "ಹಟಮಾರಿ" ಎಂದು ಛಾವಣಿಗೆ ಹೇಳಿ ಕಣ್ಣು ಮುಚ್ಚಿದರು.

ಅದಾದ ಕೆಲವು ದಿನಕ್ಕೆ ನಾನು ಔಷಧಿ ಅಂಗಡಿಗೆ ಹೋಗಿದ್ದೆ. ಸಂಜೆಗೆ ಮುಂಚೆ ವಾಪಸು ಬರುತ್ತ ಬೀದಿಯ ತಿರುವಿನಲ್ಲೇ ಯುಪಿಎಸ್ಸಿನ ಕೂಗು ಕೇಳಿಸಿತು. ಕರೆಂಟು ಹೋಗಿರಬೇಕು ಎಂದುಕೊಂಡೆ. ತಲೆ ಎತ್ತಿ ನೋಡಿದರೆ ರುದ್ರಾಣಮ್ಮನ ಜಗಲಿಯ ಬಲ್ಬು ಉರಿಯುತ್ತಿತ್ತು. ಅದರಾಚೆ ಸರ್ವಮಂಗಳಳ ಮನೆಯದೂ. ಔಷಧಿಯ ಚೀಲ ಹಿಡಿದು ಓಡುವ ವಯಸ್ಸು ನನ್ನದಲ್ಲ, ಆದರೂ ಓಡಿದೆ.

ಅವರು ಮಂಚದ ಮೇಲಿರಲಿಲ್ಲ. ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಕಾಲು ಚಾಚಿಕೊಂಡು. ಕಂಪ್ಯೂಟರಿನ ಪ್ಲಗ್ಗು ಅವರ ತೊಡೆಯ ಮೇಲಿತ್ತು. ಮಂಚದಿಂದ ಅಲ್ಲಿಯವರೆಗೆ ಹೇಗೆ ಬಂದರೋ ನೆಲಕ್ಕೇ ಗೊತ್ತು. ನಮ್ಮ ಊರಿನಲ್ಲಿ ಮಲಗಿದವರು ತಾವೇ ಎದ್ದು ಪ್ಲಗ್ ಕಿತ್ತದ್ದನ್ನು ನಾನು ಕೇಳಿರಲಿಲ್ಲ.

"ಬೈಬೇಡ" ಎಂದರು. "ಮೊದಲು ಆ ಡಬ್ಬಿ ಬಾಯಿ ಮುಚ್ಚಿಸು. ತಲೆ ತಿಂತಿದೆ."

ನಾನು ಯುಪಿಎಸ್ಸಿನ ಗುಂಡಿ ಒತ್ತಿದೆ. ಮನೆ ಸುಮ್ಮನಾಯಿತು, ಅಡುಗೆಮನೆಯ ಫ್ರಿಜ್ಜು ಒಂದನ್ನು ಬಿಟ್ಟು. ಅಷ್ಟು ದೂರ ಅವರಿಗೆ ಹೋಗಲು ಆಗಿರಲಿಲ್ಲ.

"ಅದನ್ನ ನೀನು ತೆಗೀತೀಯಾ?" ಎಂದು ಕೇಳಿದರು.

"ಇಲ್ಲ."

"ಹಾಗಾದ್ರೆ ಸುಡತ್ತೆ."

"ಸುಡ್ಲಿ."

ಅವರ ಮುಖದಲ್ಲಿ ನಗು ಬಂತು. ಅವರನ್ನು ಮತ್ತೆ ಮಂಚಕ್ಕೆ ಎತ್ತುವ ಶಕ್ತಿ ನನಗಿರಲಿಲ್ಲ. ನಾನೂ ಪಕ್ಕದಲ್ಲಿ ನೆಲದ ಮೇಲೆ ಕೂತೆ. ದೀಪ ಹಚ್ಚುವ ಹೊತ್ತಿಗೆ ಬಲ್ಬು ಬೆಳ್ಳಗಾಯಿತು. ಅಷ್ಟು ಬಿಳುಪನ್ನು ನಾನು ಯಾವ ಉಬ್ಬಿನಲ್ಲೂ ನೋಡಿರಲಿಲ್ಲ. ನಡುಮನೆಯ ಮೂಲೆಯಲ್ಲಿದ್ದ ಜೇಡರಬಲೆಯ ಎಳೆ ಎಳೆಯೂ ಕಾಣಿಸಿತು. ಆಮೇಲೆ ಬಲ್ಬು ಒಡೆಯಿತು, ಫ್ರಿಜ್ಜು ಒಂದು ಸಲ ಗೊರಕೆ ಹೊಡೆದು ನಿಂತಿತು. ಬೀದಿಯವರು ನನ್ನನ್ನು ಕೇಳದೆ ಯಾವತ್ತೋ ತಮ್ಮ ತಮ್ಮ ಪ್ಲಗ್ ಕಿತ್ತಿದ್ದರು. ಯಾರ ಮನೆಯಲ್ಲೂ ಏನೂ ಹೋಗಲಿಲ್ಲ. ನನ್ನ ಕಂಪ್ಯೂಟರಿಗೂ ಏನೂ ಆಗಲಿಲ್ಲ.

ತಿಥಿ ಆಯಿತು. ಬಂದವರು ಹೋದರು. ಕಾಗದ ಬರೆಯಬೇಕೆಂದು ಮೇಜಿನ ಮುಂದೆ ಕೂತೆ. ಎಷ್ಟೊಂದು ಮನೆಗಳಿಗೆ ಬರೆದುಕೊಟ್ಟ ಮೂರು ಮಾತು. ಎರಡನ್ನು ಮನಸ್ಸಿನಲ್ಲಿ ಆಡಿಕೊಂಡೆ. ಮೂರನೆಯದು ಬರಲಿಲ್ಲ. ಅವರಿಗೆ ಇನ್ನು ಬೆಳಕು ಬೇಕಿಲ್ಲ ಎಂದು ನಾನು ಹೇಗೆ ಹೇಳಲಿ? ಅವರು ಹಾಗೆ ಹೇಳಿ ಹೋಗಿರಲಿಲ್ಲ. ನಾಳೆ ನೋಡೋಣ ಎಂದು ಎದ್ದೆ.

ಸಂಜೆ ತಗ್ಗಿನ ಬೆಳಕಿನಲ್ಲಿ ಕೂತಾಗ ಇನ್ನೊಂದು ಸಂಗತಿ ತಿಳಿಯಿತು. ಆ ಹಳದಿ ಮಂಕಿನಲ್ಲಿ ಅವರ ಪಾಲು ಇತ್ತು. ನಮ್ಮ ಬಲ್ಬಿನಿಂದ ಎಷ್ಟು ಕಡಿಮೆಯಾಗಿದೆಯೋ ಅಷ್ಟನ್ನು ಅವರು ಎಲ್ಲಿಯೋ ಕೂತು ಉರಿಸುತ್ತಿದ್ದಾರೆ. ತಂತಿ ಸುತ್ತುತ್ತಿರಬಹುದು. ಕನ್ನಡಕ ಹುಡುಕುತ್ತಿರಬಹುದು. ನಾನು ಕಾಗದ ಹಾಕಿದರೆ ಅವರು ಕೂತಲ್ಲಿ ಕತ್ತಲಾಗುತ್ತದೆ. ಹೀಗೆ ಯೋಚಿಸುವುದು ಸರಿಯೋ ತಪ್ಪೋ ನನಗೆ ಗೊತ್ತಿರಲಿಲ್ಲ. ದಿನಾ ಸಂಜೆ ಆ ಬೆಳಕಿನ ಕೆಳಗೆ ಕೂರುತ್ತಿದ್ದೆ. ಎದ್ದು ಅಡುಗೆಮನೆಗೆ ಹೋಗಲೂ ಮನಸ್ಸಾಗುತ್ತಿರಲಿಲ್ಲ.

ಬೀದಿಯವರು ಹೊಂದಿಕೊಂಡರು. ರುದ್ರಾಣಮ್ಮ ಅಟ್ಟದಿಂದ ರುಬ್ಬುಗುಂಡು ಇಳಿಸಿದಳು. "ನಮ್ಮ ಮಿಕ್ಸಿ ಈಗ ಚಟ್ನಿ ರುಬ್ಬಲ್ಲ ಕಣಮ್ಮ, ತೆಂಗಿನಕಾಯಿಗೆ ಸಮಾಧಾನ ಹೇಳತ್ತೆ ಅಷ್ಟೆ" ಎಂದು ಜಗಲಿಯಿಂದ ಎಲ್ಲರಿಗೂ ಕೇಳುವಂತೆ ಅಂದಳು. ಹಾಗೆ ಅಂದ ತಕ್ಷಣ ನನ್ನ ಕಡೆ ನೋಡಿ, "ರುಬ್ಬುಗುಂಡಿನ ಚಟ್ನಿ ರುಚೀನೇ ಬೇರೆ ಬಿಡು. ನನ್ನ ತೋಳೂ ಸ್ವಲ್ಪ ಇಳೀತು" ಎಂದಳು. ಅವಳ ತೋಳು ಇಳಿದಿರಲಿಲ್ಲ.

ಲೈನ್‌ಮನ್ ದಸ್ತಗೀರ್ ಸಾಬರು ದಿನಾ ಸಂಜೆ ಪೆಟ್ಟಿಗೆಯ ಬೀಗ ತೆರೆದು ನೋಡಿ ಮುಚ್ಚುತ್ತಿದ್ದರು. ಆ ಸದ್ದು ನನ್ನ ಮನೆಗೆ ಕೇಳುತ್ತಿತ್ತು. ಆಮೇಲೆ ನಮ್ಮ ಬಾಗಿಲಿಗೆ ಬಂದು ಮಜ್ಜಿಗೆ ಕೇಳಿ ಕುಡಿಯುತ್ತಿದ್ದರು. ಮಜ್ಜಿಗೆ ಚೆನ್ನಾಗಿದೆ ಎನ್ನುತ್ತಿದ್ದರು, ಬಿಸಿಲು ಜಾಸ್ತಿಯಾಯಿತು ಎನ್ನುತ್ತಿದ್ದರು.

ಕಂಪ್ಯೂಟರು ಆ ತಿಂಗಳುಗಳಲ್ಲಿ ನಡೆಯಲೇ ಇಲ್ಲ. ಪ್ಲಗ್ ಹಾಕಿದರೆ ಸ್ಟೆಬಿಲೈಸರ್ ಟಿಕ್ಕೆಂದು ಹತ್ತುತ್ತಿತ್ತು, ಟಿಕ್ಕೆಂದು ಆರುತ್ತಿತ್ತು. ಕರೆಂಟು ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಮುಂದಕ್ಕೆ ಬಿಡದ ಹಾಗೆ ಅವರು ಕಟ್ಟಿದ್ದರು. ಬೇರೆಯವರ ತಗ್ಗು ಯಾವುದೂ ಅಷ್ಟು ಕೆಳಗೆ ಇಳಿದಿರಲಿಲ್ಲ. "ಹೆಚ್ಚಾದದ್ದು ಒಂದೇಟು ಹೊಡೆದು ಹೋಗತ್ತೆ. ಕಮ್ಮಿಯಾದದ್ದು ಕೂತು ಕೂತು ತಿನ್ನತ್ತೆ" ಎಂದು ಗಿರಾಕಿಗಳಿಗೆ ಹೇಳುವುದನ್ನು ನಾನು ಒಳಗಿನಿಂದ ಕೇಳಿದ್ದೆ. ಸುಮ್ಮನೆ ಧೂಳು ಒರೆಸಿ ಬಟ್ಟೆ ಹೊದಿಸುತ್ತಿದ್ದೆ. ಗುಂಡಿಗೆ ನೀರು ಹಾಕುತ್ತಿದ್ದೆ.

ಬದನೇಕಾಯಿ ಹುಳಿಯ ಬಟ್ಟಲು ಹಿಂದಿರುಗಿಸಲು ಆ ಸಂಜೆ ಸರ್ವಮಂಗಳಳ ಮನೆಗೆ ಹೋದೆ. ಖಾಲಿ ಬಟ್ಟಲು ಕೊಡಬಾರದೆಂದು ಎರಡು ಮಾವಿನಹಣ್ಣು ಇಟ್ಟಿದ್ದೆ. ಬಾಗಿಲು ತೆರೆದೇ ಇತ್ತು, ಕೂಗಿದರೆ ಯಾರೂ ಓಗೊಡಲಿಲ್ಲ. ಒಳಗೆ ಹೋದೆ. ಅವಳ ಕಂಪ್ಯೂಟರಿನ ಮೇಜಿನ ಮೇಲೆ ಹಳೆಯ ಸೀರೆ ಹೊದಿಸಿತ್ತು. ಕೆಳಗೆ ನೆಲದ ಮೇಲೆ ಪೇಪರು ಹಾಸಿ ಮಿಷನ್ನಿನ ಪೆಟ್ಟಿಗೆಯನ್ನು ಬಿಚ್ಚಿಟ್ಟಿದ್ದರು. ಬಗ್ಗಿ ನೋಡಬೇಕಾಗಿರಲಿಲ್ಲ, ವಾಸನೆಯೇ ಹೇಳುತ್ತಿತ್ತು. ವೈಂಡಿಂಗ್ ಮಾಡುವವನ ಹೆಂಡತಿಗೆ ಸುಟ್ಟ ವಾರ್ನಿಷ್ಷಿನ ವಾಸನೆ ಹೊಸದಲ್ಲ. ಅದು ಹಳೆಯ ವಾಸನೆ, ಆರಿಹೋಗಿದ್ದ ವಾಸನೆ.

ಅವಳು ಚೀಲ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಅಕ್ಕ, ಯಾವಾಗ ಬಂದ್ರಿ?"

"ಇದು ಯಾವಾಗ ಹೋಯ್ತು?"

"ಹಳೇದಾಗಿತ್ತು ಬಿಡಿ."

"ಯಾವಾಗ ಹೋಯ್ತು ಅಂದೆ."

ಚೀಲ ಕೆಳಗಿಟ್ಟಳು. "ಶಿವರಾತ್ರಿ ಆದ್ಮೇಲೆ."

"ಸ್ಟೆಬಿಲೈಸರ್ ಇತ್ತಲ್ಲೇ ನಿನ್ನ ಹತ್ರ. ಇವರೇ ಕಟ್ಟಿಕೊಟ್ಟಿದ್ದು."

"ಇದೆ. ಅದು ಕರೆಂಟನ್ನ ಒಳಗೇ ಬಿಡ್ತಿರ್ಲಿಲ್ಲ ಅಕ್ಕ, ಟಿಕ್ ಟಿಕ್ ಅಂತ ಆರ್ಸ್ತಿತ್ತು. ಎರಡು ಮದುವೆ ಕಾರ್ಡು ಅವತ್ತೇ ಕೊಡ್ಬೇಕಿತ್ತು. ಒಂದೇ ಒಂದು ಸಲ ಅಂತ ಅದನ್ನ ತೆಗೆದು ನೇರ ಗೋಡೆಗೆ ಹಾಕ್ದೆ. ಒಂದು ವಾರ ಚೆನ್ನಾಗೇ ಓಡ್ತು." ಅವಳು ಸೀರೆಯ ಅಂಚನ್ನು ಮೇಜಿನ ಮೇಲೆ ಸರಿಮಾಡಿದಳು. "ಆಮೇಲೆ ಹೊಗೆ ಬಂತು. ಒಳಗಿದ್ದ ಕೆಲಸ ಎಲ್ಲ ಹೋಯ್ತು. ಈಗ ಸಂತೇಬೀದಿಯಲ್ಲಿ ಒಬ್ರ ಅಂಗಡೀಲಿ ಕೂತು ಮಾಡಿಕೊಡ್ತೀನಿ. ಅಲ್ಲಿ ಕರೆಂಟು ಚೆನ್ನಾಗಿದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ? ಹೇಳಿದ್ರೆ ಕೇಳಿದ ಹಾಗಾಗತ್ತೆ."

ದಿನಾ ಬೆಳಿಗ್ಗೆ ಮುಳ್ಳು ಎಲ್ಲಿದೆ ಎಂದು ಕೇಳಿ, ಸರಿ ಎಂದು ಹೇಳಿ, ಸಂತೇಬೀದಿಗೆ ನಡೆದು ಹೋಗುತ್ತಿದ್ದಳು. ನನಗೆ ಹುಳಿಯನ್ನೂ ಕೊಟ್ಟು. ನಾನು ಮಾವಿನಹಣ್ಣು ಅವಳ ಕೈಗೆ ಕೊಟ್ಟು ಹೊರಗೆ ಬಂದೆ.

ಕಂಬದ ಹತ್ತಿರ ದಸ್ತಗೀರ್ ಸಾಬರು ಪೆಟ್ಟಿಗೆಗೆ ಬೀಗ ಹಾಕುತ್ತಿದ್ದರು. ನಾನು ಅಲ್ಲಿಗೇ ಹೋಗಿ ನಿಂತೆ. ತಲೆಯ ಮೇಲೆ ಟ್ರಾನ್ಸ್‌ಫಾರ್ಮರು ಗುಂಯ್‌ಗುಡುತ್ತಿತ್ತು.

"ಸಾಬ್ರೇ, ಒಂದು ಕೇಳ್ತೀನಿ. ಹೋದೋರು ನಿಜಕ್ಕೂ ಎಳೀತಿರ್ತಾರಾ?"

ಅವರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ನಮ್ಮವರ ಜೊತೆ ಬೀಡಿ ಸೇದುತ್ತ ಎಷ್ಟೋ ಸಂಜೆ ಕಳೆದವರು.

"ಕಂಬ ಹತ್ತಿ ನೋಡಿದ್ರೆ ಕಾಣಲ್ಲಮ್ಮ ಅದು. ಮೀಟರಿಗೆ ಮಾತ್ರ ಗೊತ್ತಾಗತ್ತೆ. ಎಳೀತಾರೆ ಅನ್ನೋದು ನಿಜ."

"ಇವರೂ?"

"ಅವರೂ." ಸ್ವಲ್ಪ ಹೊತ್ತು ತಂತಿಗಳ ಕಡೆ ನೋಡಿದರು. "ಆಚಾರ್ರು ಎಂಥ ಮನುಷ್ಯ ಅಂತ ನಿಮಗಿಂತ ನನಗೇನು ಗೊತ್ತು. ಒಂದ್ಸಲ ನಿಮ್ಮನೆ ಫ್ಯೂಸು ಹೋಗಿತ್ತು, ಮಳೆ ಬೇರೆ, ನನಗೆ ಬರೋಕಾಗಲಿಲ್ಲ. ರುದ್ರಾಣಮ್ಮನ ಮನೆಯಿಂದ ಒಂದು ವೈರು ಎಳ್ಕೊಳ್ಳಿ, ಬೆಳಿಗ್ಗೆ ಬರ್ತೀನಿ ಅಂದೆ. ಕತ್ಲಲ್ಲಿ ಕೂತ್ರೇ ಹೊರತು ಎಳ್ಕೊಳ್ಲಿಲ್ಲ. ಅಂಥೋರು ಈಗ ಬೀದಿ ಮನೆ ಮನೇದೂ ಎಳ್ಕೊಂಡು ಕೂತಿದಾರೆ. ಎಷ್ಟು ಮುಜುಗರ ಆಗ್ತಿದೆಯೋ ಏನೋ ಅವರಿಗೆ."

ಹಾಗೆಂದವರು ನಾಲಿಗೆ ಕಚ್ಚಿಕೊಂಡರು. "ನಾನು ಕಾಗದದ ಮಾತು ಆಡಿದ್ದಲ್ಲಮ್ಮ. ತಪ್ಪು ತಿಳೀಬೇಡಿ."

"ಇಲ್ಲ ಸಾಬ್ರೇ. ನಾನೇ ಕೇಳಿದ್ದು."

ಅವರು ಆ ದಿನ ಮಜ್ಜಿಗೆಗೆ ಬರಲಿಲ್ಲ. ಸೈಕಲ್ಲು ಹತ್ತಿ ಹೋದರು.

ಮನೆಗೆ ಬಂದು ಕಂಪ್ಯೂಟರಿನ ಬಟ್ಟೆ ತೆಗೆದೆ. ಪ್ಲಗ್ ಹಾಕಿದೆ. ಟಿಕ್. ಆರಿತು. ಮತ್ತೆ ಟಿಕ್. ಯುಪಿಎಸ್ಸಿನ ಬ್ಯಾಟರಿಯಲ್ಲಾದರೂ ನಡೆಯುತ್ತದೆಯೇ ಎಂದು ಗುಂಡಿ ಒತ್ತಿದೆ. ತಿಂಗಳುಗಟ್ಟಲೆ ಹೊಟ್ಟೆಗಿಲ್ಲದೆ ಒಣಗಿದ್ದ ಡಬ್ಬಿ ಗಂಟಲು ಕಟ್ಟಿದವರಂತೆ ಒಂದು ಸಣ್ಣ ಸದ್ದು ಮಾಡಿ ಸುಮ್ಮನಾಯಿತು. ಸರ್ವಮಂಗಳ ಮಾಡಿದಂತೆ ಎಲ್ಲವನ್ನೂ ಕಳಚಿ ನೇರ ಗೋಡೆಗೆ ಹಾಕಬಹುದಿತ್ತು. ಒಂದು ಕಾಗದಕ್ಕೆ ಸಾಕಾಗುವಷ್ಟು ಹೊತ್ತು ನಡೆಯುತ್ತಿತ್ತೋ ಏನೋ. ಆದರೆ ಅದನ್ನು ಕಾಪಾಡಲು ಮಂಚದಿಂದ ಗೋಡೆಯವರೆಗೆ ತೆವಳಿ ಹೋದವರ ಮನೆಯಲ್ಲಿ ಅದು ಆಗದ ಮಾತು.

ರಾತ್ರಿ ಶಾಲೆಯವರು ಕೊಟ್ಟಿದ್ದ ಗೆರೆ ಎಳೆದ ಹಾಳೆಗಳು ಬೀರುವಿನಲ್ಲಿದ್ದವು. ಬಾಗಿಲ ಬಳಿ, ಇನ್ನೂ ಸ್ವಲ್ಪ ಹಗಲು ಉಳಿದಿದ್ದ ಕಡೆ, ಮಣೆ ಹಾಕಿಕೊಂಡು ಕೂತೆ. ಕೈಯಲ್ಲಿ ಬರೆದು ಎಷ್ಟೋ ಕಾಲವಾಗಿತ್ತು. ಮೊದಲ ಸಾಲು ಗೆರೆಯ ಮೇಲೆ ಹತ್ತಿತು, ಎರಡನೆಯದು ಕೆಳಗಿಳಿಯಿತು.

ನನ್ನ ಯಜಮಾನರಾದ ಕಾಳಾಚಾರ್ರು ಹೋದರು ಎಂದು ಬರೆದೆ. ಹೋದರು ಎಂಬಲ್ಲಿ ಕೈ ನಿಂತಿತು, ಆದರೂ ಬರೆದೆ. ಉಬ್ಬು ನಮ್ಮ ಮನೆಯದು ಎಂದು ಬರೆದೆ. ಮೂರನೆಯ ಮಾತಿಗೆ ಬಂದು ಬಹಳ ಹೊತ್ತು ಕೂತೆ. ಒಳಗೆ ಬಲ್ಬು ಬಾಳೆಹಣ್ಣಿನ ಬಣ್ಣದಲ್ಲಿ ಹತ್ತಿಕೊಂಡಿತ್ತು. ಅದನ್ನು ನೋಡಿದೆ. ಅವರಿಗೆ ಬೆಳಕು ಬೇಕಿಲ್ಲ ಎಂದು ಬರೆಯಲು ಆಗಲೂ ನನ್ನಿಂದ ಆಗಲಿಲ್ಲ. ಅದು ಸುಳ್ಳು. ಅವರಿಗೆ ಬೇಕೇ ಇರುತ್ತದೆ. ಕೆಲಸಕ್ಕೆ ಕೂತರೆ ಎರಡು ದೀಪ ಬೇಕಾಗುತ್ತಿದ್ದ ಮನುಷ್ಯ.

ಕಡೆಗೆ ಹೀಗೆ ಬರೆದೆ. ಅವರ ಪಾಲಿನ ಬೆಳಕನ್ನು ಬೀದಿಯವರಿಗೆ ಹಂಚಿ ಕೊಡಿ. ಅವರು ಬೇಡ ಅನ್ನುವವರಲ್ಲ.

ಕೆಳಗೆ ನನ್ನ ಹೆಸರು ಹಾಕಿದೆ. ಓದಿ ನೋಡಿದೆ. ಸಂತೆ ಬಿಟ್ಟ ಹೊತ್ತಿನ ಜನದ ಹಾಗೇ ಇತ್ತು. ಇಂಥ ಕಾಗದವನ್ನು ಕರೆಂಟಿನ ಆಫೀಸಿನವರು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಬೇರೆ ಕಾಗದ ನನ್ನಲ್ಲಿರಲಿಲ್ಲ.

ಮಡಚಿ ಕೈಯಲ್ಲಿ ಹಿಡಿದು ಬೀದಿಗಿಳಿದೆ. ರುದ್ರಾಣಮ್ಮ ಜಗಲಿಯ ಮೇಲೆ ರುಬ್ಬುಗುಂಡು ತಿರುಗಿಸುತ್ತಿದ್ದಳು. ನನ್ನ ಕೈಯನ್ನು ನೋಡಿದಳು. ಗುಂಡು ನಿಂತಿತು. ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಸರ್ವಮಂಗಳ ತನ್ನ ಬಾಗಿಲಿಗೆ ಬಂದಳು. ಅದರಾಚೆಯ ಮನೆಗಳಲ್ಲಿಯೂ ಒಬ್ಬೊಬ್ಬರು ಬಂದು ಹೊಸ್ತಿಲ ಮೇಲೆ ನಿಂತರು. ಯಾರೂ ಜೊತೆಗೆ ಬರಲಿಲ್ಲ. ಬರಬಾರದು, ಅದೂ ವಾಡಿಕೆ.

ಬೀದಿ ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಿರಲಿಲ್ಲ. ಕಂಬದ ಕೆಳಗೆ ನಿಂತು ಹಿಂದಿರುಗಿ ನೋಡಿದೆ. ನಮ್ಮ ಮನೆಯ ಬಾಗಿಲೊಳಗಿಂದ ಆ ಹಳದಿ ಬೆಳಕು ಕಾಣುತ್ತಿತ್ತು. ಎಣ್ಣೆ ತೀರುತ್ತ ಬಂದ ದೀಪದಷ್ಟೇ. ಕಣ್ತುಂಬ ನೋಡಿದೆ. ಬೇಕಾದಷ್ಟು ಹೊತ್ತು ನೋಡಿದೆ, ಯಾರೂ ಅವಸರ ಮಾಡಲಿಲ್ಲ.

ಆಮೇಲೆ ಪೆಟ್ಟಿಗೆಯ ಬಾಯಿಗೆ ಕಾಗದವನ್ನು ಇಟ್ಟು ಒಳಕ್ಕೆ ತಳ್ಳಿದೆ. ಅದು ಬಿದ್ದ ಸದ್ದು ಕೇಳಿಸಲಿಲ್ಲ. ಮೇಲೆ ಟ್ರಾನ್ಸ್‌ಫಾರ್ಮರಿನ ಗುಂಯ್ ಅಷ್ಟು ಜೋರಾಗಿತ್ತು.